ಕರಡೆಪ್ಪ ನಿಜವಾಗಿ ಹೇಳಿದ್ದು

ಟಿವಿ ಹಾಗೆಯೇ ಹೇಳಿತ್ತು, ಮಲ್ಲು. ಹೇಳಿಲ್ಲ ಎಂದು ಸುಳ್ಳಾಡಿದವಳು ನಾನು. ಆ ಸುಳ್ಳು ನನ್ನ ಬಾಯಿಂದ ಬಿದ್ದ ಹತ್ತು ನಿಮಿಷದೊಳಗೆ ಅಮರೇಶನ ದವಡೆ ಮುರಿದಿತ್ತು.

ಇಷ್ಟನ್ನು ಬರೆಯಲು ನಿನ್ನ ಈ ಅತ್ತೆಗೆ ಮೂವತ್ತು ವರ್ಷದ ಮೇಲೆ ಬೇಕಾಯಿತು. ಉಳಿದದ್ದನ್ನು ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ. ನಿನಗೆ ಆಗ ಏಳು ವರ್ಷ. ನಿನಗೆ ಏನೇನು ನೆನಪಿದೆಯೋ ನಾನು ಕೇಳಲಿಲ್ಲ — ಕೇಳುವ ಧೈರ್ಯ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಸ್ಕಿಯಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ನಮ್ಮ ಮನೆಯದು. ನಿನ್ನಪ್ಪ, ಅಂದರೆ ನಮ್ಮಣ್ಣ, ಹತ್ತಿ ವ್ಯಾಪಾರ ಕೈಹಿಡಿದ ವರ್ಷ ತಂದದ್ದು. ಭಾನುವಾರ ಬೆಳಿಗ್ಗೆ ಅದನ್ನು ಪಡಸಾಲೆಯ ಬಾಗಿಲಿಗೆ ತಂದು ಅಂಗಳಕ್ಕೆ ಮುಖ ಮಾಡಿ ಇಡುತ್ತಿದ್ದೆವು. ಅಂಗಳದಲ್ಲಿ ಖಾಲಿ ಗೋಣಿಚೀಲ ಹಾಸಿ ಹತ್ತು ಹನ್ನೆರಡು ಮಕ್ಕಳು ಕೂರುತ್ತಿದ್ದರು. ಬರುತ್ತಿದ್ದದ್ದು ಕಾರ್ಟೂನು. ಯಾವ ದೇಶದ್ದೋ; ಮಾತು ಮಾತ್ರ ಹಿಂದಿ. ಒಂದು ಹೊಳೆ, ಹೊಳೆಯಲ್ಲಿ ದೋಣಿ ನಡೆಸುವ ಒಂದು ಗಂಡು ಕರಡಿ, ದಂಡೆಯ ಮೇಲೆ ಕಂದೀಲು ಹಚ್ಚುವ ಒಂದು ಗಂಡು ಕೊಕ್ಕರೆ. ಮಕ್ಕಳಿಗೆ ಹಿಂದಿ ತಿಳಿಯುತ್ತಿರಲಿಲ್ಲ. ಅದಕ್ಕೆ ಅಮರೇಶ ಇದ್ದ.

ಅವನು ಲಿಂಗಸುಗೂರಿನವನು. ಹೈದರಾಬಾದಿನಲ್ಲಿ ನಾಲ್ಕೈದು ವರ್ಷ ರೇಡಿಯೋ ರಿಪೇರಿ ಕಲಿತು ಬಂದು ಮಸ್ಕಿ ಬಸ್‌ಸ್ಟ್ಯಾಂಡಿನ ಬಳಿ ಡಬ್ಬಿ ಅಂಗಡಿ ಇಟ್ಟಿದ್ದ. ಭಾನುವಾರ ಬಂದು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ, ಚಿತ್ರ ಸರಿಯಾದ ಮೇಲೆ ಇಳಿದು ಟಿವಿಯ ಪಕ್ಕ ನಿಲ್ಲುತ್ತಿದ್ದ. ಟಿವಿಯ ಒಳಗಿನವರು ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಅದು ಅವನ ಬಾಯಲ್ಲಿ ನಮ್ಮ ಮಾತಾಗಿ ಬರುತ್ತಿತ್ತು — ಕರಡಿಗೆ ಬೇರೆ ದನಿ, ಕೊಕ್ಕರೆಗೆ ಬೇರೆ ದನಿ, ಊರ ಹಿರಿಯನಾದ ಹೋತಕ್ಕೆ ಕೆಮ್ಮು ಬೆರೆತ ದನಿ. ಕರಡಿಗೆ ಕರಡೆಪ್ಪ ಎಂದೂ ಕೊಕ್ಕರೆಗೆ ಕೊಕ್ಕರಪ್ಪ ಎಂದೂ ಅವನೇ ಹೆಸರಿಟ್ಟಿದ್ದ.

“ಮಾಮಾ, ಕರಡೆಪ್ಪ ಯಾವೂರಾಂವ?” ಎಂದು ನೀನು ಕೇಳಿದ್ದು ನೆನಪಿದೆ.

“ತುರ್ವಿಹಾಳದಾಂವ. ಕಾಲುವ್ಯಾಗ ದೋಣಿ ನಡಸ್ಕೋತ ಬಂದಾನ.”

“ಸುಳ್ಳ! ಕಾಲುವ್ಯಾಗ ದೋಣಿ ಹೋಗ್ತಾವೇನು?”

“ಹೋಗ್ತಿದ್ದಿಲ್ಲ. ಕರಡೆಪ್ಪ ಬಂದ ಮ್ಯಾಲೆ ಹೋಗಾಕತ್ತ್ಯಾವ.”

ನಾನು ಹೊಸ್ತಿಲ ಮೇಲೆ ಕೂತಿರುತ್ತಿದ್ದೆ. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿ ಒಂದು ಖಾಸಗಿ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೆ. ಅಮರೇಶನದು ಬೀದಿಯಲ್ಲಿ ಕಲಿತ ಹಿಂದಿ; ನನ್ನದು ಸರ್ಟಿಫಿಕೇಟಿನ ಹಿಂದಿ. ಅದಕ್ಕೇ ಅವನು ಒಂದು ರೂಢಿ ಮಾಡಿಕೊಂಡಿದ್ದ. ದೊಡ್ಡ ಮಾತೊಂದು ಬಂದಾಗ ಅದನ್ನು ಕನ್ನಡದಲ್ಲಿ ಹೇಳಿ, ನನ್ನ ಕಡೆ ತಿರುಗಿ, “ಖರೆ ಏನ್ರಿ ಅಕ್ಕಾರ?” ಎನ್ನುತ್ತಿದ್ದ. ನಾನು ಗೋಣು ಹಾಕುತ್ತಿದ್ದೆ. ನಾನು ಗೋಣು ಹಾಕಿದರೆ ಆ ಮಾತು ಪಾಸಾಯಿತು ಎಂದು ಲೆಕ್ಕ. ಮಕ್ಕಳು ಅದಕ್ಕಾಗಿ ಕಾಯುತ್ತಿದ್ದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ — ಆ ಭಾನುವಾರವೂ ನಾನು ಗೋಣು ಹಾಕಿದ್ದೆ.

ಆ ವಾರದ ಕತೆಯಲ್ಲಿ ಬಿರುಗಾಳಿ ಬಂದು ಕೊಕ್ಕರೆಯ ರೆಕ್ಕೆ ಮುರಿಯಿತು. ಕರಡಿ ಅದನ್ನು ದೋಣಿಯಲ್ಲಿ ಮಲಗಿಸಿ ಮನೆಗೆ ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿತು. ಊರಿನ ಪ್ರಾಣಿಗಳೆಲ್ಲ ಬಾಗಿಲಿಗೆ ಬಂದವು. ಇವನು ನಿನಗೇನಾಗಬೇಕು ಎಂದು ಹೋತ ಕೇಳಿತು. ಕರಡಿ ಉತ್ತರ ಹೇಳಿತು. ಅಮರೇಶ ಅದನ್ನು ಹೀಗೆ ಹೇಳಿದ:

“‘ನಿಮಗ ನಿಮ್ಮ ಮನಿಯಾಕಿ ಹೆಂಗೋ, ನನಗ ಇಂವ ಹಂಗ. ಇದು ನಮ್ಮಿಬ್ಬರ ಮನಿ. ಬರೋದಿದ್ರ ಕಾಲು ತೊಳಕೊಂಡು ಒಳಗ ಬರ್ರಿ.’ ಖರೆ ಏನ್ರಿ ಅಕ್ಕಾರ?”

ನಾನು ಗೋಣು ಹಾಕಿದೆ.

ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎದುರು ಮನೆಯ ಹುಡುಗಿ ಕೇಳಿದ್ದು ಇಷ್ಟೇ: “ಹಂಗಾರ ರೊಟ್ಟಿ ಯಾರು ಬಡೀತಾರ?”

“ಒಂದಿನ ಇಂವ, ಒಂದಿನ ಅಂವ.”

“ಕೊಕ್ಕರಪ್ಪಗ ಕೈನ ಇಲ್ಲಲ್ಲ!”

“ರೆಕ್ಕಿಲೇ ಬಡೀತಾನ. ನಿಮ್ಮವ್ವನಕಿಂತ ತೆಳ್ಳಗ ಬಡೀತಾನ.”

ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ಸಿಂಧನೂರಿನಲ್ಲಿ ವಿಮಲಾ ಎಂಬ ಟೀಚರ್ ಇದ್ದಳು, ನನ್ನ ಜೊತೆ ತರಬೇತಿ ಮುಗಿಸಿದವಳು. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಬಸ್ಸು ಹತ್ತಿ ಅವಳ ಬಾಡಿಗೆ ಕೋಣೆಗೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಗೆಳತಿ ಎಂದು ಮನೆಯಲ್ಲಿ ಹೇಳಿದ್ದೆ. ಅವಳು ನನಗೇನಾಗಬೇಕು ಎಂಬುದಕ್ಕೆ ನನ್ನಲ್ಲೇ ಮಾತಿರಲಿಲ್ಲ — ಎರಡು ಭಾಷೆ ಓದಿದ್ದೆ, ಎರಡರಲ್ಲೂ ಇರಲಿಲ್ಲ. ಅಂದು ಹಾಡುಹಗಲು, ನಮ್ಮದೇ ಅಂಗಳದಲ್ಲಿ, ಒಂದು ಕರಡಿ ಅದನ್ನು ಹೇಳಿಬಿಟ್ಟಿತು. ಓಣಿಯ ಮಕ್ಕಳು ಕೇಳಿಸಿಕೊಂಡು ರೊಟ್ಟಿ ಯಾರು ಬಡಿಯುತ್ತಾರೆ ಎಂದರು. ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡೆ. ಅಮರೇಶ ನೋಡಿದ. ನೋಡಿ, ಮಕ್ಕಳಿಗೆ ಕೇಳುವ ಹಾಗೆ, “ಅಡಗಿಮನಿ ಹೊಗಿ ಭಾಳ ಆತೇನ್ರಿ ಅಕ್ಕಾರ?” ಎಂದ.

ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

ಬುಧವಾರ ಮಧ್ಯಾಹ್ನ ನೀನು ನಿನ್ನಪ್ಪನ ಎದುರು ಊಟಕ್ಕೆ ಕೂತಿದ್ದೆ. ನಾನು ಮಜ್ಜಿಗೆ ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೀನು ಅಂದೆ: “ಅಪ್ಪಾ, ನಾ ದೊಡ್ಡಾಂವ ಆದ ಮ್ಯಾಲೆ ನಾನೂ ಸಂಗ್ಯಾನೂ ಒಂದ ಮನ್ಯಾಗ ಇರತೀವಿ. ನಿನಗ ಅವ್ವ ಹೆಂಗೋ ನನಗ ಅಂವ ಹಂಗ.”

ಸಂಗ್ಯಾ ಪಕ್ಕದ ಮನೆಯ ಹುಡುಗ. ನಿನ್ನವ್ವ ಮೊದಲು ನಕ್ಕಳು.

“ಏನಂದಿ?” ಎಂದ ನಿನ್ನಪ್ಪ.

ಅಪ್ಪನಿಗೆ ಕೇಳಿಸಲಿಲ್ಲ ಎಂದುಕೊಂಡು ನೀನು ಇನ್ನೊಮ್ಮೆ, ಇನ್ನೂ ಜೋರಾಗಿ, ಕರಡೆಪ್ಪನ ದನಿ ಮಾಡಿ ಹೇಳಿದೆ. ಅವನು ಎಂಜಲು ಕೈಯಲ್ಲೇ ಹೊಡೆದ. ಎಡಗಿವಿಯ ಮೇಲೆ. ನೀನು ತಟ್ಟೆಯ ಆಚೆ ಬಿದ್ದೆ. ಯಾರು ಕಲಿಸಿದರು ಎಂದ. ಟಿವಿಯಲ್ಲಿ ಅಂದರು ಎಂದೆ ನೀನು. ಮತ್ತೆ ಹೊಡೆದ, ಅದೇ ಕಿವಿಗೆ. ಅಮರೇಶ ಮಾಮಾ ಹೇಳಿದ ಎಂದೆ. ಮೂರನೆಯ ಸಲ ಹೊಡೆದಾಗ ನೀನು ಏನೂ ಅನ್ನಲಿಲ್ಲ. ಕಿವಿಯಿಂದ ರಕ್ತ ಬಂತು. ಅದರ ಜೊತೆ ಅನ್ನದ ಅಗುಳು ಅಂಟಿಕೊಂಡಿತ್ತು. ಇಂದಿಗೂ ಯಾರಾದರೂ ಎಡಗಡೆಯಿಂದ ಕರೆದರೆ ನೀನು ತಿರುಗುವುದಿಲ್ಲ.

ನಾನು ತಂಬಿಗೆ ಕೆಳಗಿಟ್ಟು ‘ಅಣ್ಣಾ, ಟಿವಿಯಲ್ಲೇ ಬಂದಿತ್ತು, ನಾನೇ ಕೇಳಿದ್ದೇನೆ’ ಎನ್ನಬಹುದಿತ್ತು. ತಂಬಿಗೆಯನ್ನು ಕೆಳಗಿಡಲೂ ಇಲ್ಲ.

ನಿನ್ನಪ್ಪ ಭಾನುವಾರದವರೆಗೆ ಕಾದ. ಆ ನಡುವೆ ಎರಡು ಸಲ ನಾನು ಅಮರೇಶನ ಡಬ್ಬಿ ಅಂಗಡಿಯ ಮುಂದೆ ಹಾದು ಶಾಲೆಗೆ ಹೋದೆ. ಎರಡು ಸಲವೂ ಅವನು ತಲೆಯೆತ್ತಿ ನಮಸ್ಕಾರ ಎಂದ. ಈ ವಾರ ಬರಬೇಡ ಎನ್ನಲು ಮೂರು ಶಬ್ದ ಸಾಕಿತ್ತು. ಅಷ್ಟು ದೂರ ಹೋಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ ಎಂದು — ಇಲ್ಲ. ಏನಂದುಕೊಂಡಿದ್ದೆ ಎಂದು ಬರೆಯುವುದಿಲ್ಲ. ಹೇಳಲಿಲ್ಲ, ಅಷ್ಟೇ.

ಭಾನುವಾರ ಅವನು ಆಂಟೆನಾಕ್ಕೆಂದು ಹೊಸ ಅಲ್ಯೂಮಿನಿಯಂ ಪೈಪು ತಂದಿದ್ದ. ಅದನ್ನು ಗೋಡೆಗೆ ಆನಿಸಿ, ಟಿವಿ ಹಚ್ಚಿ, ಮಕ್ಕಳನ್ನು ಹಿಂದೆ ಸರಿಸಿ ಕೂರಿಸಿದ. ನೀನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಎಲ್ಲರ ಹಿಂದೆ ಕೂತಿದ್ದೆ. ಕತೆ ಆಗಷ್ಟೇ ಶುರುವಾಗಿತ್ತು. ಅಂಗಡಿಯಲ್ಲಿ ಇರಬೇಕಾದ ನಿನ್ನಪ್ಪ ಇಬ್ಬರು ಹಮಾಲರ ಜೊತೆ ಒಳಗೆ ಬಂದ. ಬೀದಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ.

“ಏನೋ ಮಾಸ್ತರಾ. ಹುಡುಗರಿಗೆ ಏನು ಪಾಠ ಹೇಳಾಕತ್ತಿ?”

ಅಮರೇಶ ಚೇಷ್ಟೆ ಎಂದುಕೊಂಡು ನಕ್ಕ. “ನಾ ಎಲ್ಲೀ ಮಾಸ್ತರ್ರೀ ಸಾವ್ಕಾರ್ರ. ಟಿವಿ ಹೇಳತೈತಿ, ನಾ ನಮ್ಮ ಮಾತಿನ್ಯಾಗ ಒದರತೀನಿ.”

“ಗಂಡಸು ಗಂಡಸು ಗಂಡಾ ಹೆಂಡ್ತಿ ಆಗಿ ಇರ್ರಿ ಅಂತ ಟಿವಿ ಹೇಳತೈತಿ?”

“ಹಂಗಲ್ರೀ, ಕತಿಯಾಗ ಅವರಿಬ್ರೂ —”

ಕಪಾಳಕ್ಕೆ ಬಿತ್ತು. ಅವನು ಗೋಡೆಗೆ ಆತುಕೊಂಡ.

“ಸಣ್ಣ ಹುಡುಗರು ನೋಡೋದ್ರಾಗ ಅಂಥಾ ಮಾತು ಹಾಕ್ತಾರೇನಲೇ? ನನಗ ಹುಚ್ಚ ಮಾಡ್ತೀ?”

“ಖರೇನ ಹಾಕ್ಯಾರ್ರೀ. ನಾ ಅಕ್ಕಾರ ಮುಂದ ಅಂದೀನಿ. ಅಕ್ಕಾರಿಗೆ ನನಕಿಂತ ಚಲೋ ಹಿಂದಿ ಬರತೈತಿ. ಅವರನ್ನ ಕೇಳ್ರಿ.”

ನಿನ್ನಪ್ಪ ನನ್ನ ಕಡೆ ತಿರುಗಿದ. ಅವನ ದನಿ ಇಳಿದಿತ್ತು. “ಗಿರಿಜಾ, ನೀ ಪರೀಕ್ಷಾ ಪಾಸಾದಾಕಿ. ನಿನ್ನ ಮಾತಿಗೆ ನಿಲ್ಲತೀನಿ. ಟಿವಿ ಅಂದಿತ್ತೋ, ಇಂವ ಹುಟ್ಟಿಸಿದ್ನೋ?”

ಅವನು ನಿಲ್ಲುತ್ತಿದ್ದ, ಮಲ್ಲು. ಇದು ನಿನಗೆ ತಿಳಿಯಬೇಕು. ಓದಿದವರ ಮಾತೆಂದರೆ ಅವನಿಗೆ ಅಷ್ಟು ಗೌರವ. ಹೌದು ಅಂದಿದ್ದರೆ ಟಿವಿಯನ್ನು ಒಡೆದು ಬೀದಿಗೆ ಎಸೆಯುತ್ತಿದ್ದ. ಕೇಳಿಯೂ ಯಾಕೆ ಸುಮ್ಮನೆ ಕೂತಿದ್ದೆ ಎಂದು ನನ್ನನ್ನು ಕೇಳುತ್ತಿದ್ದ. ಶಾಲೆ ಬಿಡಿಸುತ್ತಿದ್ದ. ಶನಿವಾರದ ಬಸ್ಸು ನಿಲ್ಲುತ್ತಿತ್ತು. ನನ್ನ ಮುಖ ನೋಡಿದರೆ ಉಳಿದದ್ದೂ ಗೊತ್ತಾದೀತು ಎಂದು — ಆ ಕ್ಷಣದಲ್ಲಿ ನನಗೆ ಕಂಡದ್ದು ನನ್ನ ಮುಖ ಮಾತ್ರ.

ನಾನು ಅಂದೆ: “ಟಿವಿ ಹಂಗ ಅಂದಿಲ್ಲಣ್ಣಾ. ಅವರಿಬ್ಬರೂ ಅಣ್ಣ-ತಮ್ಮ ಅಂತ ಅಂದಿತ್ತು. ಇಂವ ತಾನ ಹುಟ್ಟಿಸಿ ಹೇಳ್ಯಾನ.”

ಮೊದಲ ವಾಕ್ಯ ಸಾಕಿತ್ತು. ಕೊನೆಯದು ನನ್ನ ಸ್ವಂತದ್ದು.

ಅಮರೇಶ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಪ್ರತಿ ಭಾನುವಾರ ನೋಡುತ್ತಿದ್ದ ಹಾಗೆ, ಗೋಣು ಹಾಕುತ್ತೇನೆ ಎಂದು ಕಾಯುವ ಹಾಗೆ. ಅಕ್ಕಾರು ಅವತ್ತು ಅತ್ತರು ಎಂದು ಅವನು ಒಂದು ಮಾತು ಹೇಳಿದ್ದರೆ ಏಟು ನನ್ನ ಕಡೆಗೂ ಹಂಚಿಹೋಗುತ್ತಿತ್ತು. ಅವನು ಹೇಳಲಿಲ್ಲ.

ಮೊದಲ ಏಟು ಅವನೇ ತಂದ ಪೈಪಿನಿಂದ, ಎಡ ಭುಜಕ್ಕೆ. ಎರಡನೆಯದು ಮೊಣಕಾಲಿಗೆ, ಅವನು ಕುಸಿದ. ಮೂರನೆಯದು ತಲೆಗೆ ಬರುವಾಗ ಕೈ ಅಡ್ಡ ತಂದ, ಬೆರಳಿಗೆ ಬಿತ್ತು. ಪೈಪು ಬಗ್ಗಿತು. ನಿನ್ನಪ್ಪ ಅದನ್ನು ಎಸೆದ. ಹಮಾಲರಿಗೆ “ಹಿಡೀರಿ” ಎಂದ. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಹಿಡಿದರು — ಹತ್ತಿ ಅಂಡಿಗೆ ಎತ್ತುವ ಕೈಗಳು, ಅವನು ಅಲುಗಾಡಲು ಆಗಲಿಲ್ಲ. ಪಡಸಾಲೆಯ ಮೂಲೆಯಲ್ಲಿ ತಕ್ಕಡಿಯ ಪಕ್ಕ ತೂಕದ ಕಲ್ಲುಗಳಿದ್ದವು. ನಿನ್ನಪ್ಪ ಐದು ಕಿಲೋದ ಕಬ್ಬಿಣದ ಕಲ್ಲನ್ನು ಹಿಡಿಕೆ ಹಿಡಿದು ಎತ್ತಿಕೊಂಡ.

“ಈ ಬಾಯಿ. ಈ ಬಾಯಿಲೇ ಹೇಳಿದ್ದಿ ಹೌದಲ್ಲ.”

ಎರಡು ಸಲ. ಒಂದು ಕೆನ್ನೆಗೆ, ಒಂದು ಅದರ ಕೆಳಗೆ. ಎರಡನೆಯದರ ಸದ್ದಿಗೆ ನಾನು ಹೋಲಿಕೆ ಹುಡುಕುವುದಿಲ್ಲ. ಹುಡುಕಿದರೆ ಅದು ಬೇರೆ ಯಾವುದೋ ಸದ್ದಾಗಿಬಿಡುತ್ತದೆ. ಅವನ ಮುಖದ ಕೆಳಭಾಗ ಒಂದು ಕಡೆಗೆ ಸರಿಯಿತು. ಬಾಯಿ ಮುಚ್ಚಲಿಲ್ಲ. ರಕ್ತ ಅಂಗಿಯ ಮೇಲೆ, ಆಮೇಲೆ ಚೀಲದ ಮೇಲೆ, ನಿಲ್ಲದೆ ಸುರಿಯಿತು. ಕೂಗಬೇಕೆಂದು ಮಾಡಿದ, ಬಂದದ್ದು ಕೂಗಾಗಿರಲಿಲ್ಲ. ನಾಲ್ಕೈದು ಪ್ರಾಣಿಗಳ ದನಿ ಮಾಡುತ್ತಿದ್ದವನು. ಎದುರು ಮನೆಯ ಹುಡುಗಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಬಾಗಿಲಿಗೆ ಅಗಳಿ ಹಾಕಿದ್ದರಿಂದ ಯಾವ ಮಗುವೂ ಹೊರಗೆ ಓಡಲು ಆಗಲಿಲ್ಲ.

ಟಿವಿಯನ್ನು ಯಾರೂ ಆರಿಸಿರಲಿಲ್ಲ. ಕತೆ ನಡೆದಿತ್ತು. ಹೊಳೆಯ ಮೇಲೆ ಮಂಜು ಕವಿದು, ಕೊಕ್ಕರೆ ಎಲ್ಲಿದೆ ಎಂದು ತಿಳಿಯದೆ ಕರಡಿ ದೋಣಿಯಲ್ಲಿ ನಿಂತು ಕೂಗುತ್ತಿತ್ತು — ಏನಾದರೂ ಸದ್ದು ಮಾಡು, ಸದ್ದು ಕೇಳಿದರೆ ಸಾಕು, ನಾನು ಬರುತ್ತೇನೆ. ಕೆಲವು ಮಕ್ಕಳು ಅಮರೇಶನ ಕಡೆ ನೋಡಲಾಗದೆ ಟಿವಿಯ ಕಡೆ ನೋಡುತ್ತಿದ್ದರು. ಅವರಿಗೆ ಅದು ತಿಳಿಯಲಿಲ್ಲ. ಹೇಳುವವನ ಬಾಯಿ ನೆಲದ ಮೇಲಿತ್ತು. ತಿಳಿದವಳು ನಾನು. ಹೇಳಲಿಲ್ಲ.

ಹಮಾಲರು ಅವನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಹೋದರು. ಆಂಟೆನಾ ತಿರುಗಿಸಲು ಹೋಗಿ ಮಾಳಿಗೆಯಿಂದ ಬಿದ್ದ ಎಂದು ಕೇಳಿದವರಿಗೆಲ್ಲ ಹೇಳಿದರು. ಮಾಳಿಗೆಯಿಂದ ಬಿದ್ದವನ ಮೈ ಹಾಗಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೆಚ್ಚು ಕೇಳಲಿಲ್ಲ. ನಾನು ಅಂಗಳ ತೊಳೆದೆ. ಚೀಲದ ಕೆಳಗೆ ಒಂದು ಹಲ್ಲು ಸಿಕ್ಕಿತು, ಬೇರಿನ ಸಮೇತ. ಬಚ್ಚಲಿಗೆ ಹಾಕಿ ನೀರು ಸುರಿದೆ. ಅದು ತೂಬಿನ ಬಾಯಲ್ಲಿ ಸಿಕ್ಕಿಕೊಂಡಿತು. ಇನ್ನೊಂದು ಕೊಡ ಸುರಿದೆ.

ಸಂಜೆ ನಿನಗೆ ಜ್ವರ ಬಂತು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ನೀನು ಕೇಳಿದೆ: “ಅತ್ತೀ, ಕರಡೆಪ್ಪ ಹಂಗ ಅಂದಿದ್ನಲ್ಲ? ನೀ ಗೋಣು ಹಾಕಿದ್ದಿ ಹೌದಲ್ಲ?”

ನಾನು ಏನಂದೆ ಎಂದು ನಿನಗೆ ನೆನಪಿದ್ದೇ ಇದೆ. ಆದರೂ ಬರೆಯುತ್ತೇನೆ. “ಇಲ್ಲಪಾ. ನೀ ತಪ್ಪು ತಿಳಕೊಂಡಿ. ನೀ ಅಪ್ಪನ ಮುಂದ ಹಂಗ ಅನ್ನಲಿಲ್ಲಂದ್ರ ಮಾಮಾಗ ಏನೂ ಆಗತಿದ್ದಿಲ್ಲ.”

ಕಿವಿ ಹರಿದ ಏಳು ವರ್ಷದ ಮಗುವಿಗೆ ಹಾಗೆ ಅಂದೆ. ಬೆಳಗಿನ ಸುಳ್ಳಿಗೆ ಹೆದರಿಕೆ ಇತ್ತು. ಇದಕ್ಕೆ ಅದೂ ಇರಲಿಲ್ಲ. ಹೊರೆಯನ್ನು ಯಾರ ಮೇಲಾದರೂ ಇಡಬೇಕಿತ್ತು. ನೀನು ಸಣ್ಣವನು, ಎದುರು ಮಾತಾಡಲಾರೆ.

ಮುಂದಿನ ಶನಿವಾರ ಸಿಂಧನೂರಿಗೆ ಹೋಗಿ ವಿಮಲಾಗೆ ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: “ನೀ ಏನಂದಿ?” ಹೇಳಿದೆ. ಅವಳು ಎದ್ದು ನನ್ನ ಚಹಾದ ಕಪ್ಪನ್ನು ತೊಳೆದು ಬೋರಲು ಹಾಕಿದಳು. ಬಸ್ಸಿನ ಹೊತ್ತಾಯಿತು ಎಂದಳು. ಯಾವ ಬಸ್ಸನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದ್ದೆನೋ ಆ ಶನಿವಾರದ ಬಸ್ಸನ್ನು ನಾನು ಮತ್ತೆ ಹತ್ತಲಿಲ್ಲ.

ಅಮರೇಶನನ್ನು ಇನ್ನೊಮ್ಮೆ ಕಂಡೆ, ಮೂರು ವರ್ಷ ಕಳೆದ ಮೇಲೆ, ಶಾಲೆಯ ಕೆಲಸಕ್ಕೆಂದು ಸಿಂಧನೂರಿಗೆ ಹೋಗಿದ್ದಾಗ. ಬಸ್‌ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು, ಪೆಟ್ಟಿಗೆಯೊಂದರ ಮೇಲೆ ಟ್ರಾನ್ಸಿಸ್ಟರ್ ಬಿಚ್ಚಿಟ್ಟುಕೊಂಡು ಕೂತಿದ್ದ. ಗದ್ದ ಬಲಕ್ಕೆ ಸರಿದು ಕೂಡಿಕೊಂಡಿತ್ತು. ಗಿರಾಕಿ ಏನೋ ಕೇಳಿದ. ಅವನು ಬೆರಳು ತೋರಿಸಿ ಉತ್ತರ ಕೊಟ್ಟ. ಗಿರಾಕಿ ಮತ್ತೆ ಕೇಳಿದಾಗ ಬಾಯಿ ತೆರೆದ — ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಎದುರಿಗೆ ಹೊರಡಲು ನಿಂತ ಬಸ್ಸು ಹತ್ತಿದೆ. ಅದು ತುರ್ವಿಹಾಳದ ಬಸ್ಸು. ಅಲ್ಲಿ ನನಗೆ ಯಾರೂ ಇರಲಿಲ್ಲ. ವಾಪಸು ಬರುವ ಬಸ್ಸು ಸಿಗುವವರೆಗೆ ಕಾಲುವೆಯ ಸೇತುವೆಯ ಮೇಲೆ ಕೂತಿದ್ದೆ. ಆಮೇಲೆ ಧೈರ್ಯ ಮಾಡಿ ಹೋದಾಗ ಆ ಗೋಡೆಯ ಬಳಿ ಅವನಿರಲಿಲ್ಲ. ಲಿಂಗಸುಗೂರಿನಲ್ಲಿ ಕೇಳಿದೆ, ಅವನ ಮನೆಯವರೂ ಊರು ಬಿಟ್ಟಿದ್ದರು. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಇನ್ನೂ ಕೇಳುತ್ತಿದ್ದೇನೆ. ತಡವಾಗಿ ಶುರು ಮಾಡಿದೆ.

ಹೋದ ತಿಂಗಳು ಜವಳಗೇರಾದ ಹುಡುಗಿಯೊಬ್ಬಳ ಮದುವೆ ಮಾತು ತಂದು ನಿನ್ನನ್ನು ಎಲ್ಲರೂ ಸುತ್ತುವರಿದಾಗ ನೀನು ಎಂದಿನಂತೆ ಏನೂ ಅನ್ನದೆ ಎದ್ದೆ. ನಲವತ್ತು ದಾಟಿದವನು. ನಾನು ಬಾಗಿಲವರೆಗೆ ಬಂದು, “ಒಪ್ಪಿಗಿಲ್ಲಂದ್ರ ಇಲ್ಲ ಅಂತರ ಅನ್ನು” ಎಂದೆ. ನೀನು ಗಾಡಿ ಚಾಲು ಮಾಡಿ, ನನ್ನ ಕಡೆ ನೋಡದೆ ಹೇಳಿದೆ: “ನಾ ಒಂದು ಮಾತು ಆಡಿದ್ದಕ್ಕ ಒಬ್ಬಾಂವನ ಬಾಯಿ ಹೋತು, ಅತ್ತೀ. ಸಾಕು.”

ನೀನು ಮೂವತ್ತು ವರ್ಷ ಹೊತ್ತದ್ದು ನನ್ನದು. ನಿನ್ನ ಮಾತು ನಿಜವಾಗಿತ್ತು. ನೀನು ಕೇಳಿದ್ದು ಸರಿಯಾಗಿತ್ತು. ನೀನು ಯಾರ ಬಾಯನ್ನೂ ಮುರಿಯಲಿಲ್ಲ. ಹೇಗೆ ಬದುಕಬೇಕೆಂದು ಹೇಳುವ ಹಕ್ಕು ನನಗಿಲ್ಲ. ನಿನಗೆ ಏನು ಬೇಕಿತ್ತು ಎಂದು ನಾನು ಊಹಿಸುವುದೂ ಇಲ್ಲ. ಕ್ಷಮೆಯನ್ನು ಕೇಳುವುದಿಲ್ಲ. ಅದನ್ನು ಕೊಡಬಲ್ಲವನ ಬಾಯಿಂದ ಮಾತು ತೆಗೆದವಳು ನಾನು.

ಇದನ್ನು ನಿನ್ನೆ ಮಧ್ಯಾಹ್ನ ನಿನ್ನಪ್ಪನ ಮುಂದೆ ಕೂತು ಮೊದಲಿನಿಂದ ಇಲ್ಲಿಯವರೆಗೆ ಓದಿದೆ. ಇಷ್ಟು ವರ್ಷ ಅವನು, ‘ಗಿರಿಜಾ ಅಂದದ್ದಕ್ಕ ಮಾಡಿದೆ’ ಎಂದೇ ಹೇಳಿಕೊಂಡು ಬಂದವನು. ಬಹಳ ಹೊತ್ತು ತನ್ನ ಕೈಯನ್ನು ನೋಡಿಕೊಂಡ. “ಖರೆ ಏನು?” ಎಂದ.

ನಾನು ಗೋಣು ಹಾಕಿದೆ. ಅವನು ಎದ್ದು ಒಳಗೆ ಹೋದ. ರಾತ್ರಿ ಉಣ್ಣಲಿಲ್ಲ.

ಅಂದು ಅಂಗಳದಲ್ಲಿ ಅನುವಾದಿಸಬೇಕಿದ್ದದ್ದನ್ನು ಈಗ ಮಾಡುತ್ತೇನೆ. ಹೋತ ಕೇಳಿತು, ಇವನು ನಿನಗೇನಾಗಬೇಕು. ಕರಡಿ ಹೇಳಿತು: ನಿಮಗೆ ನಿಮ್ಮ ಹೆಂಡತಿ ಹೇಗೋ, ನನಗೆ ಇವನು ಹಾಗೆ. ಇದು ನಮ್ಮಿಬ್ಬರ ಮನೆ. ಬರುವುದಿದ್ದರೆ ಕಾಲು ಒರೆಸಿಕೊಂಡು ಒಳಗೆ ಬನ್ನಿ.

ಒರೆಸಿಕೊಂಡು ಎಂದೇ ಇತ್ತು, ಹಿಂದಿಯಲ್ಲಿ. ತೊಳಕೊಂಡು ಎಂದವನು ಅಮರೇಶ — ನಮ್ಮ ಕಡೆ ಮನೆಯೊಳಗೆ ಹಾಗೇ ಬರುವುದು ಎಂದು. ಅವನು ತಾನಾಗಿ ಹುಟ್ಟಿಸಿದ್ದು ಅದೊಂದೇ.